ಓದಿ ಹೇಳಲಾಗಿ ಸರಿ ಇದೆ

ಖಾಜಾ ಮಾಸ್ತರರ ಟೈಪಿಂಗ್ ಕ್ಲಾಸು
ಶಹಾಬಾದಿನ ರೈಲ್ವೆ ಗೇಟಿನಾಚೆ, ಹಿಟ್ಟಿನ ಗಿರಣಿಯ ಮೇಲೆ.
ಗಿರಣಿ ತಿರುಗಿದರೆ ನಮ್ಮ ನೆಲ ಅದುರುತ್ತಿತ್ತು,
ಹದಿನಾರು ಮಷಿನ್ನು ಒಮ್ಮೆಗೇ ಬಡಿದರೆ ಗಿರಣಿಯವನ ಸೂರು.
ಕೀಲಿ ಕಾಣಬಾರದೆಂದು ಬೆರಳ ಮೇಲೊಂದು ರಟ್ಟು,
ರಟ್ಟಿನ ಮೇಲೆ ಬಿಸ್ಕೀಟು ತಿನ್ನುವ ಕೂಸು.
'ಅರ್ಥ ನೋಡಬ್ಯಾಡ ಜಗದೇವಿ, ಅಕ್ಷರ ನೋಡು.
ಅರ್ಥ ನೋಡಿದಾಕಿ ಮೂವತ್ತು ದಾಟೂದಿಲ್ಲ.'

ಎರಡು ವರ್ಷ ನೋಡಲಿಲ್ಲ.
ಸೀನಿಯರ್ ಪಾಸಾದೆ.
ಚಿತ್ತಾಪುರ ಕೋರ್ಟಿನಲ್ಲಿ ಕುರ್ಚಿ ಸಿಕ್ಕಿತು.
ಫರ್ಸಿ ಖಣಿಯಲ್ಲಿ ಕಲ್ಲು ಸೀಳುತ್ತಿದ್ದ ಅಪ್ಪ
ಮೊದಲ ದಿನ ಕಿಟಕಿಯಾಚೆ ನಿಂತು
ಬಹಳ ಹೊತ್ತು ನೋಡಿದ, ನನ್ನನ್ನಲ್ಲ,
ನನ್ನ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು.

ಅಲ್ಲಿ ಕಲಿತದ್ದು:
'ಅಂವಾ ನಂಗ ಹೊಡಿಲಾಕ ಬಂದಾನ್ರಿ' ಅಂದರೆ
ಆರೋಪಿಯು ಸಾಕ್ಷಿದಾರರ ಮೇಲೆ ಹಲ್ಲೆಗೆ ಮುಂದಾದನು.
'ನಾ ಯಾಕ ಸುಳ್ಳ ಹೇಳ್ಲಿ ಯಪ್ಪಾ, ನನ್ನ ಮಗನ ಆಣಿ' ಅಂದರೆ
ನಾನು ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.
ಆಣೆಗೆ ಜಾಗವಿಲ್ಲ.
ಅಳುವಿಗೂ ಇಲ್ಲ. ಮೂಗು ಒರೆಸಿಕೊಳ್ಳುವಷ್ಟು ಹೊತ್ತು
ಕರ್ಸರು ಮಿಟುಕುತ್ತ ಕಾಯುತ್ತದೆ,
ಅಷ್ಟೇ.

ಹದಿನೇಳು ವರ್ಷ.
ಅವ್ವ ಹೆಂಗದಾಳ ಅಂತ ತಮ್ಮ ಫೋನಿನಲ್ಲಿ ಕೇಳಿದರೆ
'ಸದರಿಯವರು ಊಟ ಮಾಡಿ ಮಲಗಿರುತ್ತಾರೆ' ಅಂದೆ.
ಅವನು ನಕ್ಕ. ನಾನೂ ನಕ್ಕೆ.
ಆಮೇಲೆ ರೊಟ್ಟಿ ಬಡಿಯುತ್ತ
ಬೇರೆ ಹೆಂಗೆ ಹೇಳಬಹುದಿತ್ತು ಎಂದು ಹುಡುಕಿದೆ,
ಹಂಚಿನ ಮೇಲಿನದು ಕರಕಾಗುವವರೆಗೆ.

ಕಸಿದದ್ದನ್ನಷ್ಟೇ ಹೇಳಿದರೆ ಅದೂ ಸುಳ್ಳು ಸಾಕ್ಷಿ.
ಅಪ್ಪನ ಎರಡು ಬೆರಳು ಹೋದದ್ದಕ್ಕೆ
ಅವನ ಬೈಗುಳ ಹನ್ನೊಂದು ವರ್ಷ ತರದ ದುಡ್ಡನ್ನು
ನನ್ನ 'ಮೇಲ್ಕಂಡ' 'ಆದ್ದರಿಂದ' 'ಪ್ರಾರ್ಥಿಸುತ್ತೇನೆ'
ಒಂದೇ ಹಾಳೆಯಲ್ಲಿ ತಂದವು.
ಹಾಳೆಯನ್ನು ಓದಿ ಹೇಳಿದಾಗ ಅಪ್ಪ ಕೇಳಿದ:
'ಇದರಾಗ ನಾ ಎಲ್ಲಿ ಇದ್ದೀನಿ?'
ಬೆರಳಿಟ್ಟು ತೋರಿಸಿದೆ. ಅರ್ಜಿದಾರ.

ನಿನ್ನೆ ದೇವಕೆಮ್ಮನ ಸಾಕ್ಷಿ. ಆಡಿನ ಕಳುವು.
ವಾಡಿ ಸಂತೆಯಲ್ಲಿ ಅಷ್ಟು ಆಡಿನ ನಡುವೆ
ನಿಮ್ಮದನ್ನು ಹೇಗೆ ಗುರುತು ಹಿಡಿದಿರಿ?
'ನಾ ಎಲ್ಲಿ ಹಿಡಿದೀನ್ರಿ ಸಾಹೇಬ್ರ,
ಅದೇ ನನ್ನ ಗುರುತ ಹಿಡೀತು. ಒದರ್ತು.'

ಸದರಿ ಆಡನ್ನು ನಾನು ಗುರುತಿಸಿರುತ್ತೇನೆ.
ಬೆರಳು ಹೋಗಿತ್ತು, ನಾನು ಹಿಂದಿನಿಂದ ಬಂದೆ.

ಓದಿ ಹೇಳಿದೆ. ಅವಳು ಹೆಬ್ಬೆಟ್ಟು ಕೊಡಲಿಲ್ಲ.
'ಇದು ಯಾರ ಮಾತ್ರಿ ಬಾಯಾರ?'
ನಿಮ್ಮದೇ.
'ನಂದಲ್ಲ. ನಾ ಹಿಡಿದಿಲ್ಲ. ಅದು ಹಿಡೀತು.'
ವಕೀಲರು ನಕ್ಕರು. ಸಾಹೇಬರು ಗಡಿಯಾರ ನೋಡಿದರು.
'ಎರಡರ ಅರ್ಥ ಒಂದೇ ಅಮ್ಮಾ, ಒತ್ತಿ.'

ಅರ್ಥ.
ಆ ಶಬ್ದ ಕೇಳಿ ಎಷ್ಟು ದಿನವಾಗಿತ್ತು.
ಪರದೆಯ ಸಾಲನ್ನು ನೋಡಿದೆ. ಒಂದೇ ಅಲ್ಲ.
ಒಂದರಲ್ಲಿ ಅವಳಿಗೊಂದು ಆಡು ಇತ್ತು,
ಇನ್ನೊಂದರಲ್ಲಿ ಆಡಿಗೆ ಅವಳಿದ್ದಳು.

'ಸರ್, ಅವ್ರು ಅಂದಂಗೇ ಹಾಕಲೇನ್ರಿ?'
ಆ ಕೋಣೆಯಲ್ಲಿ ಪ್ರಶ್ನೆ ನನ್ನ ಬಾಯಿಂದ
ಹೊರಟದ್ದು ಹೊಸದು. ನನಗೇ ಗಂಟಲು ಒಣಗಿತು.
'ಹಾಕ್ರಿ, ಲಗೂ ಹಾಕ್ರಿ.'

ಒದರ್ತು. ಅದಕ್ಕೆ ಬೆರಳಿಗೆ ದಾರಿ ಗೊತ್ತಿರಲಿಲ್ಲ.
ಎರಡು ಸಲ ತಪ್ಪಿದೆ.
ತಲೆ ಬಗ್ಗಿಸಿ ಕೀಲಿಗಳನ್ನು ನೋಡಿದೆ,
ಮೊನ್ನೆ ಮೊನ್ನೆ ಕಲಿಯಲು ಬಂದವಳಂತೆ,
ರಟ್ಟು ತೆಗೆದು, ಒಂದೊಂದೇ.

ದೇವಕೆಮ್ಮ ಹೆಬ್ಬೆಟ್ಟೊತ್ತಿ
ಉಳಿದ ಮಸಿಯನ್ನು ಬಾಗಿಲ ಚೌಕಟ್ಟಿಗೆ ಒರೆಸಿ ಹೋದಳು.
ಮುಂದಿನ ಸಾಕ್ಷಿ ಬಂದ, ಕೆಮ್ಮಿದ, ಬಾಯಿ ತೆರೆದ.
ಅವನು ಏನೂ ಹೇಳುವ ಮೊದಲೇ
ಬೆರಳು 'ಸದರಿ' ಎಂದು ಹೊಡೆದಾಗಿತ್ತು.