ಲೆಕ್ಕ ಕೊಟ್ಟವಳು

ಐದನೇ ಪ್ರಶ್ನೆಯಲ್ಲಿ ಎರಡು ಪುಟ್ಟ ಪದ: ‘ಅಕೌಂಟ್ ಫಾರ್’.
ಹಿಮನದಿ ಸವೆದದ್ದಕ್ಕೆ. ಹದಿನೈದು ಅಂಕ.

ಸರನ್‌ತುಯಾ ಲೆಕ್ಕ ಕೊಟ್ಟಳು.
ಬಿದ್ದ ಹಿಮ ಇಷ್ಟು, ಹರಿದ ನೀರು ಇಷ್ಟು,
ಗಾಳಿ ಹೊತ್ತೊಯ್ದದ್ದು ಇಷ್ಟು,
ಅಂಚಿಗೆ ಗೆರೆ ಎಳೆದು, ಕೂಡಿ ಕಳೆದು,
ಉಳಿದದ್ದರ ಕೆಳಗೆ ಜೋಡಿಗೆರೆ.
ಒಂದು ಲೋಟದಷ್ಟೂ ತಪ್ಪಿಲ್ಲ.

ಅವರು ಕೇಳಿದ್ದು ಕಾರಣ.

ಮೂವತ್ತೆಂಟು ಬಂತು. ದಡ ಇದ್ದದ್ದು ನಲವತ್ತಕ್ಕೆ.

ಡಂಡೀ ಊರಲ್ಲಿ ಮೇ ತಿಂಗಳಲ್ಲೂ ಟೇ ನದಿಯ ಗಾಳಿ
ಕೋಟಿನ ಗುಂಡಿ ಎಣಿಸುತ್ತದೆ.
ಪ್ರವೇಶಕ್ಕೆ ಬೇಕಿದ್ದ ಆರೂವರೆ ಅವಳ ಬಳಿ ಇತ್ತು,
ಉಲಾನ್‌ಬಾತರಿನ ಹೋಟೆಲೊಂದರ ಮೂರನೇ ಮಹಡಿಯಲ್ಲಿ
ಹೆಡ್‌ಫೋನ್ ಹಾಕಿಕೊಂಡು ಗೆದ್ದದ್ದು.
ಅದರೊಳಗಿನ ಹೆಂಗಸು ಎಷ್ಟು ನಿಧಾನ ಮಾತಾಡುತ್ತಿದ್ದಳು!
ಲೈಬ್ರರಿಗೆ ದಾರಿ ಕೇಳುತ್ತಿದ್ದಳು,
ಈಜುಕೊಳ ತೆರೆಯುವ ಹೊತ್ತು ಹೇಳುತ್ತಿದ್ದಳು.
ಬಂದು ಎಂಟು ತಿಂಗಳು; ಆಕೆ ಈ ಊರಲ್ಲಿ ಇನ್ನೂ ಸಿಕ್ಕಿಲ್ಲ.

ಸಿಕ್ಕವಳು ಐಲ್ಸಾ. ನೆಲಮಾಳಿಗೆಯ ಕೋಣೆ,
ಭಾಷಾ ನೆರವು, ಮಂಗಳವಾರ ಗುರುವಾರ, ತಲೆಗೆ ಅರ್ಧ ಗಂಟೆ.
ಉತ್ತರಪತ್ರಿಕೆ ಓದಿ, ಕನ್ನಡಕ ತೆಗೆದು,
‘ತಪ್ಪೇ ಇಲ್ಲವಲ್ಲೇ ಹುಡುಗಿ,’ ಅಂದಳು,
‘ಇದು ಬೇರೆ ಯಾವುದೋ ಪ್ರಶ್ನೆಗೆ ಸರಿಯುತ್ತರ.’
ಆಮೇಲೆ, ಯಾರೂ ಕೇಳದಿದ್ದರೂ:
‘ಏಳನೇ ವಯಸ್ಸಲ್ಲಿ ಕ್ಲಾಸಿನೊಳಗೆ “ಆಯ್” ಅಂದೆ,
ಅಂಗೈಗೆ ಬೆಲ್ಟಿನ ಏಟು ಬಿತ್ತು.
ಹೌದು ಅನ್ನುವುದಕ್ಕೆ ನಮ್ಮಮ್ಮ ಅನ್ನುತ್ತಿದ್ದದ್ದೇ ಅದು.
ಇದೇ ಊರು. ಇಂಗ್ಲಿಷೂ ಇದೇ, ಅಂತಾರೆ.’

ಸರನ್‌ತುಯಾಗೆ ಅರ್ಧ ಅರ್ಥವಾಯಿತು.
ಅಂಗೈ ಪೂರ್ತಿ ಅರ್ಥವಾಯಿತು.

ಕೂತು ಕ್ರಿಯಾಪದಗಳ ಪಟ್ಟಿ ಮಾಡಿದರು.
ವಿವರಿಸು ಅಂದರೆ ವಿವರಿಸು.
ಚರ್ಚಿಸು ಅಂದರೆ ಎರಡೂ ಕಡೆಯ ವಕೀಲಿ ನಿನ್ನದೇ.
ವಿಮರ್ಶಿಸು ಅಂದರೆ, ಬರೆದವರು ಪ್ರೊಫೆಸರಾದರೂ ಬಿಡಬೇಡ.
ಇಲ್ಲಿ ಅವಳು ಪೆನ್ನು ಕೆಳಗಿಟ್ಟಳು:
‘ನಾನು ಕಲಿತದ್ದೇ ಅವರ ಪುಸ್ತಕದಿಂದ.’
ಐಲ್ಸಾ ಗಡಿಯಾರ ನೋಡಿದಳು. ಹೊರಗೆ ಇನ್ನೊಬ್ಬ ಕಾಯುತ್ತಿದ್ದ.

ಆಗಸ್ಟಿನಲ್ಲಿ ಮರುಪರೀಕ್ಷೆ. ಕಾರಣ ಬರೆದಳು, ನಾಲ್ಕು.
‘ದಿ’ ಎಲ್ಲೆಲ್ಲಿ ಬೀಳಬೇಕೋ ತಿಳಿಯದೆ
ಸಾರಿಗೆ ಉಪ್ಪಿನ ಹಾಗೆ ಕೈಯಂದಾಜಿನಲ್ಲಿ ಉದುರಿಸಿದಳು.
ಐವತ್ತೇಳು.

ಫಲಿತಾಂಶದ ದಿನ ತಮ್ಮನ ಫೋನು:
ಅಂಥಾದ್ದೇನು ಬರೆದೆ ಅಕ್ಕಾ?
ಹೇಳಹೊರಟಳು, ಮನೆಮಾತಿನಲ್ಲಿ.
ಹಿಮದ ಬಿಳಿ ಬಿಸಿಲನ್ನು ಬಂದ ದಾರಿಗೇ ಅಟ್ಟುತ್ತದಲ್ಲ,
ಅದಕ್ಕೊಂದು ಪದ ಬೇಕಿತ್ತು.
ನಾಲಿಗೆಗೆ ಬಂದದ್ದು ಇಲ್ಲಿನದು.
‘ತಡಿ,’ ಅಂದಳು.

ತಮ್ಮ ಕಾದ.
ಅವನ ಕಡೆ ನಾಯಿಯೊಂದು ಬೊಗಳುತ್ತಲೇ ಇತ್ತು.