ಒಣಮೀನು

ಬಾಯಿಗೆ ಮಣ್ಣು ಬಿತ್ತು ಅನ್ನುತ್ತಾರಲ್ಲ,
ನಮಗದು ಮಾತಲ್ಲ, ಊಟ.
ಅಮ್ಮ ಬಟ್ಟಲುಗಳನ್ನು ಬೋರಲು ಹಾಕಿಯೇ ಇಡುತ್ತಿದ್ದಳು,
ಬಡಿಸುವ ಹೊತ್ತಿಗಷ್ಟೇ ಮಗುಚಿ.
ಆದರೂ ಹಲ್ಲಿನ ನಡುವೆ ಕರಕರ,
ನಮ್ಮದೇ ಹೊಲ.

ಸಸ್ಕಾಚೆವಾನಿನ ತೆಂಕಣ ಬಯಲು. ಮೂವತ್ತನಾಲ್ಕನೇ ಇಸವಿ.
ಗೋಧಿಯ ಬೆಲೆ ಬಿದ್ದದ್ದು ಮೊದಲು,
ಮಳೆ ನಿಂತದ್ದು ಆಮೇಲೆ;
ಇದನ್ನು ಹಿಂದುಮುಂದಾಗಿ ಹೇಳಿದರೆ ಅಪ್ಪನಿಗೆ ಸಿಟ್ಟು.
"ಬೆಳೆದ ವರ್ಷವೂ ಸೋತವನು ನಾನು.
ರೈಲಿನ ಬಾಡಿಗೆ ಗೋಧಿಗಿಂತ ತೂಕವಾಗಿತ್ತು.
ಎಲ್ಲವನ್ನೂ ಮೋಡದ ತಲೆಗೆ ಕಟ್ಟಬೇಡಿ."

ಮಿಡತೆ ಬಂದವು. ಹಸಿರು ಮುಗಿದ ಮೇಲೆ
ಕವೆಗೋಲಿನ ಹಿಡಿಯನ್ನೂ ಮೆಂದವು,
ಅಪ್ಪನ ಬೆವರಿನ ಉಪ್ಪು ಕುಡಿದ ಮರ ಅದು.

ಆ ಚಳಿಗಾಲ ದಾನದ ರೈಲು ಬಂತು.
ಮೂಡಣ ಕಡಲಿನವರು ಕಳಿಸಿದ್ದರು ಸೇಬು, ಹಳೇ ಕೋಟು,
ಮತ್ತೆ ಒಣಮೀನು: ಹಲಗೆಯಂತೆ ಚಪ್ಪಟೆ, ಉಪ್ಪುಬಿಳುಪು.
ಹಡಗಿನ ತಳದಲ್ಲಿ ವಾಂತಿ ಮಾಡುತ್ತ ದಾಟಿ ಬಂದವರು ನಮ್ಮವರು;
ಕಡಲನ್ನು ತಿನ್ನುವುದು ಹೇಗೆಂದು ಯಾರಿಗೆ ಗೊತ್ತು?
ಅಮ್ಮ ಕುದಿಸಿದಳು. ಬಡಿದಳು. ಮತ್ತೆ ಕುದಿಸಿದಳು.
ತಮ್ಮ ಲೂಕಿಯಾನ್ ಒಂದರ ಮೇಲೆ ಕೂತು ಹಿಮದಲ್ಲಿ ಜಾರಿದ.
ಇನ್ನೊಂದನ್ನು ಅಪ್ಪ ಕಾರಿನ ತಳದ ತೂತಿಗೆ ಮೊಳೆ ಹೊಡೆದ.

ಕಾರು ಅಂದೆ. ಎಂಜಿನ್ ಕಳಚಿಟ್ಟು ಕುದುರೆ ಹೂಡಿದ ಕಾರು.
ಪೆಟ್ರೋಲಿಗೆ ಕಾಸಿಲ್ಲದವರೆಲ್ಲ ಹಾಗೆ ಮಾಡಿಕೊಂಡು
ಅದಕ್ಕೆ ಪ್ರಧಾನಿಯ ಹೆಸರಿಟ್ಟು ನಗುತ್ತಿದ್ದ ಕಾಲ.
ಬೇಸಗೆಗೆ ಅದರಲ್ಲೇ ಹೊರಟೆವು ಬಡಗಣಕ್ಕೆ,
ಕಾಡು ಕಡಿದರೆ ನೆಲ ಕೊಡುತ್ತಾರಂತೆ
ಅನ್ನುವ ಒಂದು 'ಅಂತೆ'ಯನ್ನು ಹಿಡಿದು.
ಹಾಸಿಗೆ, ಒಲೆ, ಕೋಳಿಪಂಜರ, ಕಸೂತಿಬಟ್ಟೆ ಹೊದ್ದ ದೇವರಪಟ;
ಅಮ್ಮನ ಲಂಗದ ಅಂಚಿನೊಳಗೆ ಹೊಲಿದ ಬಿತ್ತನೆ ಗೋಧಿ,
ನಡೆದರೆ ಕಣಕಾಲಿಗೆ ಬಡಿಯುತ್ತಿತ್ತು.
ಬಾಗಿಲಿಗೆ ಬೀಗ ಹಾಕಲಿಲ್ಲ.
ಒಳಗೆ ಮಣ್ಣು ಆಗಲೇ ಸಂಸಾರ ಹೂಡಿತ್ತು.

ಹದಿಮೂರನೇ ದಿನ ನದಿ.
ದೋಣಿಯವ ಆಂಬ್ರೋಸ್ ಪಿಟ್‌ಮನ್, ಕೆಂಪು ಕತ್ತಿನ ಮುದುಕ,
ಚಕ್ರಕ್ಕೆ ಅಡೆ ಕೊಡಲು ಬಗ್ಗಿದವನು ಬಗ್ಗಿಯೇ ಉಳಿದ.
"ಯಾರು ಮಾಡಿದ್ದು ಇದು?"
ಬೈಯುತ್ತಾನೆ ಅಂದುಕೊಂಡೆ. ಅವನ ಗದ್ದ ಅದುರುತ್ತಿತ್ತು.
ಮೀನನ್ನು ಮೂಸಿದ. ತನ್ನ ಊರಿನ ಹೆಸರು ಹೇಳಿದ,
ನನಗಲ್ಲ.

ಮೊಳೆ ಕಿತ್ತ. ಆ ಜಾಗಕ್ಕೆ ಸೀಮೆಎಣ್ಣೆ ಡಬ್ಬದ ತಗಡು ಹೊಡೆದ.
ರಾತ್ರಿಯಿಡೀ ಮೀನಿಗೆ ಹಗ್ಗ ಕಟ್ಟಿ ಹೊಳೆಗೆ ಬಿಟ್ಟ.
"ಉಪ್ಪನ್ನು ಬೇಯಿಸಬಾರದು, ಬೀಳ್ಕೊಡಬೇಕು" ಅಂದ.
ನಮ್ಮ ಮಾತಿಗೆ ತಿರುಗಿಸಿ ಅಮ್ಮನಿಗೆ ಹೇಳಿದೆ.
ಬೆಳಗ್ಗೆ ಆಲೂಗಡ್ಡೆ ಜೊತೆ ಬೆಂದು ಎಸಳೆಸಳಾಯಿತು ಅದು.
ಚಳಿಗಾಲವಿಡೀ
ಊಟದ ಮೇಲೆ ಕೂತೇ ಹಸಿದಿದ್ದೆವು.

ಅಮ್ಮ ಋಣ ಇಟ್ಟುಕೊಳ್ಳುವವಳಲ್ಲ.
ಹಲ್ಲಿನಿಂದ ಅಂಚಿನ ದಾರ ಕಡಿದು
ಒಂದು ಹಿಡಿ ಗೋಧಿ ಸುರಿದಳು ಅವನ ಬೊಗಸೆಗೆ.
ಅವನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು
ಜಗಿಯತೊಡಗಿದ.

ಅಪ್ಪನ ಕೈ ಮೇಲೆದ್ದಿತು. ಬಿತ್ತನೆ ಬೀಜ!
ಅದನ್ನು ತಿಂದರೆ ಏನೆಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು.
ಅಮ್ಮ ಆ ಕೈ ಹಿಡಿದು ಕೆಳಗಿಳಿಸಿದಳು:
"ಬಿಡು, ಒನುಫ್ರಿ. ನಾವು ಮೀನಿಗೆ ಮೊಳೆ ಹೊಡೆದವರು."

ಉಕ್ಕಿನ ಹಗ್ಗ ಹಿಡಿದು ದೋಣಿ ನಡುಹೊಳೆಗೆ ಬಂತು.
ಕುದುರೆಗಳು ನೀರು ನೋಡಿ ಬೆಚ್ಚಿದವು.
ಅವನು ಇನ್ನೂ ಜಗಿಯುತ್ತಲೇ ಇದ್ದ,
ಉಳಿದ ಕಾಳು ಅಂಗಿಯ ಜೇಬಿನಲ್ಲಿ.
ಆಚೆ ದಡದಲ್ಲಿ, ನಮಗಿಂತ ಮುಂಚೆ ಬಡಗಣಕ್ಕೆ ಹೋದವರು
ಗಾಡಿ ತಿರುಗಿಸಿಕೊಂಡು ಸಾಲಾಗಿ ನಿಂತಿದ್ದರು,
ಇದೇ ದೋಣಿಗೆ ಕಾಯುತ್ತ.