ಅಳತೆ

ಐಲಿಯ ಮೇಜಿನ ಮೇಲೆ ಮೂರು ಕಂಪ್ಯೂಟರು, ಒಂದೇ ಕೀಲಿಮಣೆ.
ಬಾಣದ ಗುರುತು ಎಡಪರದೆಯ ಅಂಚು ದಾಟಿ
ಪಕ್ಕದ್ದರೊಳಗೆ ಕಾಲಿಡುತ್ತದೆ,
ಹೊಸ್ತಿಲೇ ಇಲ್ಲದ ಮನೆಗೆ ಬಂದಂತೆ.
ಹನ್ನೊಂದು ವರ್ಷದ ಹಿಂದೆ ಆ ದಾರಿ ಮಾಡಿದವಳು ಅವಳೇ.
ಎರಡು ಪರದೆಯ ನಡುವೆ ಸುಳ್ಳು ಹೇಳುವವರು ಯಾರಿರುತ್ತಾರೆ,
ಎರಡೂ ತನ್ನವೇ ಅಲ್ಲವೇ
ಅಂದುಕೊಂಡಿದ್ದಳು ಆಗ.

ಹೊರಗೆ ಕೆಮಿ ಬಂದರು. ಕಡಲು ಕಲ್ಲಾಗಿದೆ.
ಹಿಮ ಒಡೆಯುವ ಹಡಗು ಮೂರು ಗಂಟೆಗೇ ದೀಪ ಹಚ್ಚಿದೆ.

ರೀಗಾದ ಜಿಂತಾ ಎಂಬುವಳು ಬರೆದಿದ್ದಳು, ಸಂಕೋಚದಿಂದಲೇ:
"ನಿಮ್ಮ ಪ್ರೋಗ್ರಾಮು ಬಂದವರ ಮಾತು ನಂಬುತ್ತದೆ.
ತಂದದ್ದು ಒಂದು ಚಮಚ;
ನಾಲ್ಕು ಸೇರು ಅಂದರೆ ನಾಲ್ಕು ಸೇರೇ ಬರೆದುಕೊಳ್ಳುತ್ತದೆ.
ವಾಪಸು ಕೇಳಿ ನೋಡಿ."

ಕೇಳಿದಳು.
ಚಮಚದ ಹಿಂದೆಯೇ ಸುರಿಯಿತು ಪಕ್ಕದ ಪಾತ್ರೆಯದ್ದೆಲ್ಲ:
ಸೊನ್ನೆಗಳು, ಮುರಿದ ಅಕ್ಷರ, ಅರ್ಧ ಪಾಸ್‌ವರ್ಡು,
ಆಮೇಲೆ, ಸ್ಪಷ್ಟವಾಗಿ,
"ವೇಯ್ಕೊ, ದೋಣಿ ಮಾರಬೇಡ. ತಪ್ಪು ನನ್ನದೂ ಇತ್ತು."

ಮಂಗಳವಾರ ಬರೆದು, ಕತ್ತರಿಸಿ, ಎಲ್ಲೂ ಅಂಟಿಸದೆ ಬಿಟ್ಟದ್ದು.
ಅಳಿಸಿಹೋಯಿತು ಅಂದುಕೊಂಡಿದ್ದಳು.
ಯಂತ್ರ ಅಳಿಸುವುದಿಲ್ಲ;
ಜಾಗ ಖಾಲಿ ಇದೆ ಅಂತ ಬೋರ್ಡು ಹಾಕುತ್ತದೆ, ಅಷ್ಟೆ.

ಕಾಫಿ ಆರಿತು.
ತಿದ್ದುಪಡಿ ಒಂದೇ ಸಾಲು:
ಹೇಳಿದ್ದಕ್ಕಿಂತ ಬಂದದ್ದು ಕಡಿಮೆಯಿದ್ದರೆ ಬಾಗಿಲು ಹಾಕು.
ಹದಿನಾರೂ ಪರೀಕ್ಷೆ ಪಾಸು. ಜಿಂತಾಗೆ ಧನ್ಯವಾದ ಬರೆದಳು,
ನಿನ್ನ ಹೆಸರು ಸೇರಿಸಲೇ ಎಂದು ಕೇಳಿದಳು.

ಹಡಗು ಕೊರೆದ ಕಾಲುವೆ
ಬೆಳಗಾಗುವುದರೊಳಗೆ ಮತ್ತೆ ಹೆಪ್ಪುಗಟ್ಟುತ್ತದೆ.

ಇನ್ನು ಆ ಸಾಲು ಯಾರ ಕೈಗೂ ಸೋರುವುದಿಲ್ಲ,
ವೇಯ್ಕೊನ ಕೈಗೂ.